ಭಾರತೀಯ ವಿದ್ಯಾರ್ಥಿ ಅಮೆರಿಕನ್ನರನ್ನೇ ಅಧ್ಯಯನ ಮಾಡಬಹುದೇ?

ಅಮೆರಿಕದಲ್ಲಿ ಮಾನವಶಾಸ್ತ್ರ ಓದಲು ಹೊರಟವರು ಅಲ್ಲಿನ ಸಂಸ್ಕೃತಿಯನ್ನೇ ವಿಷಯವಾಗಿ ಆರಿಸಿಕೊಳ್ಳಬಹುದೇ, ಇಲ್ಲವೇ ಸುರಕ್ಷಿತವಾಗಿ ಭಾರತದ ಕುರಿತೇ ಬರೆಯಬೇಕೇ ಎಂದು ಕೇಳಿದ್ದೀರಿ. ಇದೇ ಅಳುಕನ್ನು ಹೊತ್ತು ನಾನು ಸ್ನಾತಕೋತ್ತರ ಪದವಿಗೆ ಮಿನ್ನೆಸೋಟಾಕ್ಕೆ ಹೋಗಿದ್ದೆ. ಮೊದಲ ಚಳಿಗಾಲದಲ್ಲಿ, ಕ್ಷೇತ್ರಕಾರ್ಯದ ತರಗತಿಯ ಅಭ್ಯಾಸಕ್ಕಾಗಿ, ಸಣ್ಣ ಊರೊಂದರ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ಸಾಮೂಹಿಕ ಊಟಕ್ಕೆ ಹೋಗತೊಡಗಿದೆ. ಮನೆಮನೆಯಿಂದ ‘ಹಾಟ್‌ಡಿಶ್’ ಬರುತ್ತಿತ್ತು. ಮಾಂಸ, ತರಕಾರಿ, ಡಬ್ಬಿಯ ಅಣಬೆ ಸೂಪು ಬೆರೆಸಿ, ಮೇಲೆ ಆಲೂಗಡ್ಡೆಯ ತುಣುಕುಗಳನ್ನು ಹರಡಿ ಓವನ್ನಿನಲ್ಲಿ ಬೇಯಿಸುವ ಅಡುಗೆ ಅದು. ಊಟವಾದ ಮೇಲೆ ತೊಳೆಯಲು ನಿಂತಾಗ ನೋಡಿದೆ: ಪ್ರತಿಯೊಂದು ಗಾಜಿನ ಪಾತ್ರೆಯ ತಳದಲ್ಲೂ ಮಾಸ್ಕಿಂಗ್ ಟೇಪು, ಅದರ ಮೇಲೆ ಪೆನ್ನಿನಲ್ಲಿ ಬರೆದ ಹೆಸರು. ಕೆಲವು ಹೆಸರುಗಳು ತೀರಿಹೋದವರವು. ಮಗಳೋ ಸೊಸೆಯೋ ಆ ಟೇಪನ್ನು ಕೀಳದೆ ಬಳಸುತ್ತಿದ್ದರು. ಸಾವಿನ ಮನೆಗೆ ಯಾರ ಪಾತ್ರೆ ಹೋಗುತ್ತದೆ, ಅದು ಎಷ್ಟು ದಿನಕ್ಕೆ ಹಿಂದಿರುಗುತ್ತದೆ ಎಂಬುದರಲ್ಲಿ ಆ ಊರಿನ ನಂಟುಗಳೆಲ್ಲ ಕಾಣುತ್ತಿದ್ದವು. ಸ್ಟೀಲು ಪಾತ್ರೆಗಳ ಮೇಲೆ ಅಜ್ಜಿಯ ಹೆಸರು ಕೊರೆಸಿದ್ದ ಮನೆಯಲ್ಲಿ ಬೆಳೆದವನಾದ್ದರಿಂದ ನನ್ನ ಕಣ್ಣು ಅಲ್ಲಿ ನಿಂತಿತು. ಅಲ್ಲಿಯೇ ಹುಟ್ಟಿದ ಸಹಪಾಠಿಗಳಿಗೆ ಅದು ಬರೆಯುವಂಥ ಸಂಗತಿಯೆಂದೇ ತೋರಿರಲಿಲ್ಲ.

ಅದನ್ನೇ ಪದವಿಯ ಪ್ರಬಂಧದ ವಿಷಯವಾಗಿಸಿಕೊಂಡು ಬೇಸಿಗೆಯಿಡೀ 23 ಮಂದಿಯ ಮಾತನ್ನು ಧ್ವನಿಮುದ್ರಿಸಿಕೊಂಡೆ. ತರಗತಿಯ ಅಭ್ಯಾಸಕ್ಕೆ ಅಧ್ಯಾಪಕರು ಕೊಟ್ಟ ಒಪ್ಪಿಗೆಯೇ ಪ್ರಬಂಧಕ್ಕೂ ಸಾಕೆಂದು ತಿಳಿದದ್ದು ನನ್ನ ತಪ್ಪು, ಮತ್ತು ಇದನ್ನು ಬಿಡಿಸಿ ಹೇಳಲೇಬೇಕು. ಮನುಷ್ಯರನ್ನು ಕುರಿತ ಸಂಶೋಧನೆಯನ್ನು ಮೊದಲೇ ಪರಿಶೀಲಿಸುವ ಮಂಡಳಿ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇರುತ್ತದೆ. ಎಲ್ಲರೂ ಅದನ್ನು ಐಆರ್‌ಬಿ ಎನ್ನುತ್ತಾರೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನೂರಾರು ಕಪ್ಪು ಗಂಡಸರ ಸಿಫಿಲಿಸ್ ರೋಗಕ್ಕೆ ಮದ್ದು ಕೊಡದೆ ಅದರ ಗತಿಯನ್ನು ದಾಖಲಿಸುತ್ತಾ ಬಂದ ಸರ್ಕಾರಿ ಅಧ್ಯಯನ ಬಯಲಾದ ಬಳಿಕ, 1974ರ ಕಾನೂನು ಈ ವ್ಯವಸ್ಥೆಯನ್ನು ಬಿಗಿಗೊಳಿಸಿತು. ಕಲಿಕೆಗೆಂದು ಮಾಡಿದ ಸಂದರ್ಶನ ಮಂಡಳಿಯ ಲೆಕ್ಕದಲ್ಲಿ ಅಭ್ಯಾಸ. ಅದೇ ಸಂದರ್ಶನ ಪ್ರಬಂಧಕ್ಕೆ ಹೋದರೆ ಸಂಶೋಧನೆ. ಪಾತ್ರೆಯ ಬಗ್ಗೆ ಕೇಳುವುದರಿಂದ ಯಾರಿಗೇನು ಹಾನಿ, ಜಗಲಿಯ ಮೇಲೆ ಕುಳಿತು ಮಾತಾಡಲು ಯಾರ ಅಪ್ಪಣೆ ಬೇಕು ಎಂಬುದು ನನ್ನ ಎಣಿಕೆಯಾಗಿತ್ತು. ಹಾನಿಯಿಲ್ಲವೆಂದು ತೀರ್ಮಾನಿಸಬೇಕಾದವರು ಮಂಡಳಿಯವರು, ವಿದ್ಯಾರ್ಥಿಯಲ್ಲ. ಆಗಿಹೋದ ಸಂದರ್ಶನಕ್ಕೆ ಆಮೇಲೆ ಒಪ್ಪಿಗೆ ಸಿಗುವುದೂ ಇಲ್ಲ. 23 ಮುದ್ರಿಕೆಗಳಿಂದ ಒಂದು ವಾಕ್ಯವನ್ನೂ ಬಳಸಲಾಗಲಿಲ್ಲ. ಇನ್ನೊಂದು ಸೆಮಿಸ್ಟರಿನ ಶುಲ್ಕವನ್ನು ಸಾಲ ಮಾಡಿ ಕಟ್ಟಿದೆ. ಒಪ್ಪಿಗೆ ಪತ್ರ ಹಿಡಿದು ಮತ್ತೆ ಹೋದಾಗ ಹೆಚ್ಚಿನವರು ಬೇಸರಿಸದೆ ಮತ್ತೆ ಮಾತಾಡಿದರು. ಟೇಪಿನ ಮೇಲಿನ ಹೆಸರುಗಳ ಕಥೆಯನ್ನು ಮೊದಲು ಹೇಳಿದ್ದ ಅಜ್ಜಿ ಮಾತ್ರ ಅಕ್ಟೋಬರಿನಲ್ಲಿ ತೀರಿಕೊಂಡಿದ್ದರು. ಅವರ ಮಾತು ನನ್ನ ಪ್ರಬಂಧದಲ್ಲಿ ಎಲ್ಲಿಯೂ ಇಲ್ಲ.

ಹಾಗಾಗಿ ‘ಸುರಕ್ಷಿತ ವಿಷಯ’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನನ್ನನ್ನು ಹಿಂದಕ್ಕೆ ತಳ್ಳಿದ್ದು ವಿಷಯವಲ್ಲ, ವಿಧಾನ. ಅಮೆರಿಕದ ಮಾನವಶಾಸ್ತ್ರಕ್ಕೆ ಅಡಿಪಾಯ ಹಾಕಿದ ಫ್ರಾಂಜ್ ಬೋವಾಸ್ ಜರ್ಮನಿಯಲ್ಲಿ ಹುಟ್ಟಿದವರು. ಚೀನಾದಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಫ್ರಾನ್ಸಿಸ್ ಶು ಅಮೆರಿಕನ್ನರ ಬದುಕನ್ನು ಚೀನೀಯರ ಬದುಕಿನೊಡನೆ ಹೋಲಿಸಿ 1953ರಲ್ಲೇ ಬರೆದರು. ಭಾರತೀಯರು ಭಾರತದ ಬಗ್ಗೆ ಮಾತ್ರ ಬರೆಯಬೇಕು, ಅಮೆರಿಕನ್ನರು ಮಾತ್ರ ಎಲ್ಲರ ಬಗ್ಗೆಯೂ ಬರೆಯಬಹುದು ಎಂಬ ಏರ್ಪಾಟನ್ನು ನಾವಾಗಿ ಏಕೆ ಒಪ್ಪಿಕೊಳ್ಳಬೇಕು?

ವಿಭಾಗವನ್ನು ಆರಿಸುವಾಗ ರ‍್ಯಾಂಕಿಂಗ್ ನೋಡಬೇಡಿ. ಅಮೆರಿಕದೊಳಗೇ ಕ್ಷೇತ್ರಕಾರ್ಯ ಮಾಡಿದ ಒಬ್ಬ ಅಧ್ಯಾಪಕರಾದರೂ ಅಲ್ಲಿದ್ದಾರೆಯೇ ನೋಡಿ, ಅರ್ಜಿಗೆ ಮೊದಲೇ ಅವರಿಗೆ ಪತ್ರ ಬರೆಯಿರಿ. ಸೇರಿದ ಮೊದಲ ಸೆಮಿಸ್ಟರಿನಲ್ಲೇ ಐಆರ್‌ಬಿ ಕಚೇರಿಗೆ ಹೋಗಿ, ಮನಸ್ಸಿನಲ್ಲಿರುವ ವಿಷಯ ಇನ್ನೂ ಅರೆಬರೆಯಾಗಿದ್ದರೂ ಅವರ ಮುಂದಿಟ್ಟು ಮಾತಾಡಿ. ಧ್ವನಿಮುದ್ರಣ ಯಂತ್ರವನ್ನು ಆಮೇಲೆ ಕೊಂಡರಾಯಿತು.