ಜಪಾನಿನಲ್ಲಿ ಶೇ. 99ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಶಿಕ್ಷೆಯಾಗುವಾಗ ನಮ್ಮಲ್ಲೇಕೆ ಇಷ್ಟೊಂದು ಖುಲಾಸೆ?

ಜಪಾನಿನ ಪೊಲೀಸರಿಗಿರುವಷ್ಟು ಅಧಿಕಾರವನ್ನು ನಮ್ಮವರಿಗೂ ಕೊಟ್ಟರೆ ಈ ಖುಲಾಸೆಗಳು ನಿಲ್ಲುವುದಿಲ್ಲವೇ ಎಂದು ಕೇಳಿದ್ದೀರಿ. ಬೆಂಗಳೂರಿನ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಪ್ರಕರಣಗಳನ್ನೇ ನಡೆಸುವ ವಕೀಲನಾಗಿ ನನ್ನ ಉತ್ತರ: ನಿಲ್ಲಬಹುದು, ಆದರೆ ಅದಕ್ಕೆ ತೆರಬೇಕಾದ ಬೆಲೆ ನಿಮಗೆ ಒಪ್ಪಿಗೆಯಾಗಲಾರದು.

ಜಪಾನಿನಲ್ಲಿ ಮೊಕದ್ದಮೆ ಹೂಡುವ ಅಧಿಕಾರ ಇರುವುದು ಪೊಲೀಸರಿಗಲ್ಲ, ಸರ್ಕಾರದ ಪರ ವಾದಿಸುವ ಅಭಿಯೋಜಕರಿಗೆ, ಅಂದರೆ ಪ್ರಾಸಿಕ್ಯೂಟರ್‌ಗೆ. ಸಾಕ್ಷ್ಯ ಗಟ್ಟಿಯಾಗಿದ್ದರೂ ಆರೋಪಿಯ ವಯಸ್ಸು, ಸ್ವಭಾವ, ಅಪರಾಧದ ತೀವ್ರತೆಗಳನ್ನು ನೋಡಿ ಪ್ರಕರಣವನ್ನು ಕೈಬಿಡುವ ವಿವೇಚನೆಯನ್ನು ಅಲ್ಲಿನ ದಂಡ ಪ್ರಕ್ರಿಯಾ ಸಂಹಿತೆಯ 248ನೇ ವಿಧಿ ಅವರಿಗೆ ಕೊಟ್ಟಿದೆ. ದಂಡಸಂಹಿತೆಯ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೀಗೆ, ಇಲ್ಲವೇ ಸಾಕ್ಷ್ಯ ಸಾಲದೆಂದು, ಅವರ ಮೇಜಿನ ಮೇಲೆಯೇ ಮುಗಿಯುತ್ತವೆ. ಜೊಳ್ಳನ್ನೆಲ್ಲ ಮೊದಲೇ ತೂರಿ ಗಟ್ಟಿ ಕಾಳನ್ನು ಮಾತ್ರ ನ್ಯಾಯಾಧೀಶರ ಮುಂದಿಟ್ಟರೆ ಶೇ. 99 ಬರುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮಲ್ಲಿ ದೋಷಾರೋಪಣ ಪಟ್ಟಿ ಸಲ್ಲಿಸುವವರು ತನಿಖಾಧಿಕಾರಿಯೇ. ಅದಕ್ಕೂ ಮೊದಲು ಅಭಿಯೋಜಕರ ಅಭಿಪ್ರಾಯ ಕೇಳಿದರೂ ಅದು ಅವರನ್ನು ಕಟ್ಟಿಹಾಕುವುದಿಲ್ಲ. ಹಾಗಾಗಿ ಜೊಳ್ಳು ತೂರುವ ಕೆಲಸ ವಿಚಾರಣೆಯಲ್ಲೇ, ವರ್ಷಗಟ್ಟಲೆ ನಡೆಯುತ್ತದೆ. ನಾನು ನಡೆಸಿದ ಒಂದು ಮೊಬೈಲ್ ಕಳವು ಪ್ರಕರಣದಲ್ಲಿ ಮಹಜರಿನ ಪಂಚರಾಗಿ, ಅಂದರೆ ಪೊಲೀಸರು ಮಾಲು ಜಪ್ತಿ ಮಾಡಿದ್ದನ್ನು ಕಂಡು ಸಹಿ ಹಾಕಿದ ಸಾಕ್ಷಿಯಾಗಿ ಬಂದಿದ್ದ ಟೀ ಅಂಗಡಿಯವರು, ಜಪ್ತಿ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಸಹಿ ನಂದೇ ಸ್ವಾಮಿ, ಆದ್ರೆ ಠಾಣೆಗೆ ಟೀ ಕೊಡೋಕೆ ಹೋದಾಗ ಹಾಕಿಸ್ಕೊಂಡ್ರು, ಮೊಬೈಲು ನಾನು ನೋಡಿಲ್ಲ" ಎಂದರು. ಅಭಿಯೋಜಕರು ಅವರನ್ನು ಪ್ರತಿಕೂಲ ಸಾಕ್ಷಿ (ಕರೆದವರಿಗೇ ತಿರುಗಿಬಿದ್ದ ಸಾಕ್ಷಿ) ಎಂದು ಪರಿಗಣಿಸಿ ಪಾಟೀಸವಾಲು ಮಾಡಿದರೂ ಮಾತು ಬದಲಾಗಲಿಲ್ಲ. ಜಾಮೀನು ಮಂಜೂರಾಗಿದ್ದರೂ ಜಾಮೀನುದಾರರು ಸಿಗದ ಕಾರಣ ಆರೋಪಿಯಾಗಿದ್ದ ಹುಡುಗ ಅಷ್ಟರಲ್ಲಿ ಹದಿನಾಲ್ಕು ತಿಂಗಳು ಜೈಲಿನಲ್ಲಿ ಕಳೆದಿದ್ದ. ಅಂಕಿಅಂಶದಲ್ಲಿ ಇದು ಕೇವಲ ಒಂದು ಖುಲಾಸೆ. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಅವನಂಥ ವಿಚಾರಣಾಧೀನ ಕೈದಿಗಳು ಎಂಬುದನ್ನು ಶಿಕ್ಷೆಯ ಪ್ರಮಾಣ ಎಂದೂ ಹೇಳುವುದಿಲ್ಲ.

ಇನ್ನು ಅಧಿಕಾರದ ಮಾತು. ಜಪಾನಿನಲ್ಲಿ ಮೊಕದ್ದಮೆ ಹೂಡುವ ಮುನ್ನವೇ ಒಂದು ಆರೋಪದ ಮೇಲೆ 23 ದಿನಗಳವರೆಗೆ ಬಂಧನದಲ್ಲಿಟ್ಟು ಪ್ರಶ್ನಿಸಬಹುದು. ಪ್ರಶ್ನಿಸುವಾಗ ವಕೀಲರು ಪಕ್ಕದಲ್ಲಿರುವ ಹಕ್ಕು ಆರೋಪಿಗಿಲ್ಲ. 1966ರಲ್ಲಿ ಶಿಜುಓಕಾದಲ್ಲಿ ನಡೆದ ನಾಲ್ವರ ಕೊಲೆಗೆ ಸಂಬಂಧಿಸಿದಂತೆ ಇವಾವೊ ಹಕಮಾಡ ಎಂಬ ಮಾಜಿ ಬಾಕ್ಸರ್ ಇಂಥ ದೀರ್ಘ ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡರು, ನ್ಯಾಯಾಲಯದಲ್ಲಿ ಅದನ್ನು ನಿರಾಕರಿಸಿದರು, ಆದರೂ 1968ರಲ್ಲಿ ಮರಣದಂಡನೆಗೆ ಗುರಿಯಾದರು. ಅವರು ಹೊರಬಂದದ್ದು 2014ರಲ್ಲಿ. ಮರುವಿಚಾರಣೆ ನಡೆಸಿದ ನ್ಯಾಯಾಲಯ, ತನಿಖೆ ಮಾಡಿದವರೇ ಸಾಕ್ಷ್ಯ ಸೃಷ್ಟಿಸಿದ್ದರೆಂದು ಹೇಳಿ 2024ರ ಸೆಪ್ಟೆಂಬರ್‌ನಲ್ಲಿ ಅವರನ್ನು ನಿರ್ದೋಷಿ ಎಂದಿತು. ಆಗ ಅವರಿಗೆ 88 ವರ್ಷ. ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಕೂಡದೆಂದು ನಮ್ಮ 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳುತ್ತಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಆ ರಕ್ಷಣೆ ಉಳಿದಿದೆ. ಅದನ್ನು ಬಿಟ್ಟುಕೊಟ್ಟು ಪಡೆಯುವ ಶೇ. 99 ನನಗಂತೂ ಬೇಡ.

ಬೇರೆ ದೇಶದಿಂದ ಕಲಿಯಲೇಬೇಕೆಂದಾದರೆ ಇಂಗ್ಲೆಂಡಿನತ್ತ ನೋಡಿ. ಅಲ್ಲಿ 1986ರಲ್ಲಿ ಕೆಲಸ ಆರಂಭಿಸಿದ ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್ ಎಂಬ ಪ್ರತ್ಯೇಕ ಸಂಸ್ಥೆ, ಶಿಕ್ಷೆಯಾಗುವ ನೈಜ ಸಂಭವವಿದೆಯೇ, ಮೊಕದ್ದಮೆ ನಡೆಸುವುದು ಸಾರ್ವಜನಿಕ ಹಿತಕ್ಕೆ ಅಗತ್ಯವೇ ಎಂಬ ಎರಡು ಪ್ರಶ್ನೆಗಳನ್ನಿಟ್ಟು ಕಡತವನ್ನು ಪರಿಶೀಲಿಸುತ್ತದೆ. ಆ ಟೀ ಅಂಗಡಿಯವರನ್ನು ದೋಷಾರೋಪಣ ಪಟ್ಟಿಗೆ ಮೊದಲೇ ಯಾರಾದರೂ ಕೂರಿಸಿಕೊಂಡು ಹೀಗೆ ವಿಚಾರಿಸಿದ್ದರೆ ಆ ಹುಡುಗನ ಹದಿನಾಲ್ಕು ತಿಂಗಳು ಉಳಿಯುತ್ತಿದ್ದವು.