ಒಂದೇ ಹಡಗು, ಮೂರು ಬಾವುಟ

ಹಾಸನದ ಓದುಗರೊಬ್ಬರ ಪತ್ರ: "ಫಿಲಿಪ್ಪೀನ್ಸ್‌ನ 'ರಾಜಾ ಹುಮಾಬೊನ್' ಯುದ್ಧನೌಕೆ ಮೊದಲು ಅಮೆರಿಕದ್ದು, ಆಮೇಲೆ ಜಪಾನಿನದ್ದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಎರಡನೇ ಮಹಾಯುದ್ಧದಲ್ಲಿ ಆ ಎರಡು ದೇಶಗಳು ಬದ್ಧವೈರಿಗಳು. ಇದು ಅಚ್ಚಿನ ತಪ್ಪಲ್ವಾ?"

ಸಂಪಾದಕರ ಉತ್ತರ: ತಪ್ಪಲ್ಲ, ಹಾಗೇ ನಡೆದಿದೆ. ನಿಮ್ಮ ಅನುಮಾನವೂ ಸಹಜವೇ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈ ಹಡಗನ್ನು ಕಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. 1943ರ ಆಗಸ್ಟ್‌ನಲ್ಲಿ ನೌಕಾಪಡೆ ಸೇರಿದಾಗ ಇದರ ಹೆಸರು 'ಆಥರ್ಟನ್'. ಸರಕು ಹಡಗುಗಳಿಗೆ ಕಾವಲು ಹೋಗುವುದು, ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವುದು ಇದರ ಕೆಲಸ. ಜಾನ್ ಆಥರ್ಟನ್ ಎಂಬ ನೌಕಾಧಿಕಾರಿಯ ನೆನಪಿಗೆ ಇಟ್ಟ ಹೆಸರು ಅದು. ಅವರಿದ್ದ 'ಮೆರೆಡಿತ್' ಹಡಗನ್ನು 1942ರ ಅಕ್ಟೋಬರ್‌ನಲ್ಲಿ ಸಾಲೊಮನ್ ದ್ವೀಪಗಳ ಹತ್ತಿರ ಜಪಾನಿನ ವಿಮಾನಗಳು ಮುಳುಗಿಸಿದ್ದವು.

ಆಥರ್ಟನ್ ಜಾಸ್ತಿ ಓಡಾಡಿದ್ದು ಅಟ್ಲಾಂಟಿಕ್‌ನಲ್ಲಿ. 1945ರ ಮೇ 5ರ ಸಂಜೆ ಜರ್ಮನಿಯ ಯು-853 ಜಲಾಂತರ್ಗಾಮಿ, ಅಮೆರಿಕದ ರೋಡ್ ಐಲೆಂಡ್ ಕರಾವಳಿಯಲ್ಲೇ 'ಬ್ಲ್ಯಾಕ್ ಪಾಯಿಂಟ್' ಎಂಬ ಕಲ್ಲಿದ್ದಲು ಹಡಗನ್ನು ಹೊಡೆದು ಮುಳುಗಿಸಿತು. 12 ಮಂದಿ ಸತ್ತರು. ಆಥರ್ಟನ್ ಮತ್ತು ಜೊತೆಯ ಹಡಗುಗಳು ರಾತ್ರಿಯಿಡೀ ಬೆನ್ನಟ್ಟಿದವು. ಶಬ್ದದ ಪ್ರತಿಧ್ವನಿ ಹಿಡಿದು ನೀರಿನಡಿ ಹುಡುಕುವ ಆಥರ್ಟನ್ನಿನ ಸೋನಾರ್ ಯಂತ್ರಕ್ಕೆ ಯು-853ರ ಸುಳಿವು ಸಿಕ್ಕಿತು. ನೀರಿನಾಳದಲ್ಲಿ ಸಿಡಿಯುವ ಬಾಂಬುಗಳನ್ನು ಒಂದರ ಹಿಂದೆ ಒಂದು ಹಾಕಿದರು. ಬೆಳಗ್ಗೆ ನೀರಿನ ಮೇಲೆ ತೇಲಿದ್ದು ಎಣ್ಣೆ, ಮರದ ಚೂರುಗಳು, ಒಬ್ಬ ಅಧಿಕಾರಿಯ ಟೋಪಿ. ಒಳಗಿದ್ದ 55 ಜನರಲ್ಲಿ ಯಾರೂ ಉಳಿಯಲಿಲ್ಲ. ದಾಳಿ ನಿಲ್ಲಿಸಿ ಎಂದು ಜರ್ಮನ್ ನೌಕಾಪಡೆ ಮೇ 4ರಂದೇ ಆದೇಶ ಕಳಿಸಿತ್ತು. ಎರಡು ದಿನ ಕಳೆದರೆ ಯುರೋಪಿನ ಯುದ್ಧವೇ ಮುಗಿಯುತ್ತಿತ್ತು. ಇದನ್ನು ಓದಿದಾಗಲೆಲ್ಲ ಎರಡೂ ಹಡಗಿನವರನ್ನು ನೆನೆದು ಸಂಕಟವಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಸೋತ ಜಪಾನಿನ ನೌಕಾಪಡೆಯನ್ನು ಅಮೆರಿಕವೇ ವಿಸರ್ಜಿಸಿತ್ತು. 1950ರಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಆಗ ಅಮೆರಿಕಕ್ಕೆ ಆ ಭಾಗದಲ್ಲಿ ಜಪಾನ್ ಗೆಳೆಯನಾಗಿ ಬೇಕಾಯಿತು. 1954ರಲ್ಲಿ ಜಪಾನ್ ಹೊಸ ಕಡಲ ಪಡೆ ಕಟ್ಟಿತು. ಮರುವರ್ಷ ಜೂನ್‌ನಲ್ಲಿ ಆಥರ್ಟನ್ ಅದರ ಕೈಸೇರಿ 'ಹತ್ಸುಹಿ' ಆಯಿತು. ಹೊಸ ವರ್ಷದ ಮೊದಲ ಸೂರ್ಯ ಎಂದು ಅದರರ್ಥ. ಜಪಾನೀಯರಿಂದ ಸತ್ತವನ ಹೆಸರಿನ ಹಡಗು ಜಪಾನಿನ ಬಾವುಟ ಹಾರಿಸಿತು. ಅದೂ ಇಪ್ಪತ್ತು ವರ್ಷ! ಜೊತೆಯಲ್ಲೇ ಹೋದ 'ಅಮಿಕ್' ಹಡಗಿನದು ಇನ್ನೂ ವಿಚಿತ್ರ. 1945ರಲ್ಲಿ ಪಲಾವು ದ್ವೀಪಗಳ ಜಪಾನೀ ಸೇನೆ ಶರಣಾದದ್ದು ಅದೇ ಹಡಗಿನ ಮೇಲೆ.

ಜಪಾನ್ 1975ರಲ್ಲಿ ಆಥರ್ಟನ್ನನ್ನು ಅಮೆರಿಕಕ್ಕೆ ಹಿಂತಿರುಗಿಸಿತು. ಅಲ್ಲಿಂದ ಅದು ಫಿಲಿಪ್ಪೀನ್ಸ್‌ಗೆ ಹೋಗಿ, 1980ರಲ್ಲಿ ಅಲ್ಲಿನ ನೌಕಾಪಡೆಯ ಸೇವೆಗೆ ಸೇರಿತು. 1521ರಲ್ಲಿ ಪೋರ್ಚುಗೀಸ್ ನಾವಿಕ ಮೆಗಲನ್ ಬಂದಾಗ ಸೆಬು ದ್ವೀಪ ಆಳುತ್ತಿದ್ದ ಅರಸನ ಹೆಸರೇ ಹುಮಾಬೊನ್. ನಡುವೆ ಒಮ್ಮೆ ನಿವೃತ್ತಿ ಕೊಟ್ಟರೂ ಮತ್ತೆ ಕೆಲಸಕ್ಕೆ ಕರೆದರು. ಕೊನೆಗೆ 2018ರ ಮಾರ್ಚ್ 15ರಂದು ಬಾವುಟ ಇಳಿಸಿದರು. ಇನ್ನು ಎರಡೂವರೆ ತಿಂಗಳಿಗೆ ಅದು ನೀರಿಗಿಳಿದು 75 ವರ್ಷ ತುಂಬುತ್ತಿತ್ತು.