“ಮೈ ಫಾದರ್ ಫಾರ್ಮರ್” ಅಂದ ಹುಡುಗಿ ದಡ್ಡಿಯಲ್ಲ

ಪ್ರಿಯ ತಂಗಿ,

ಇಂಗ್ಲಿಷಿನ ಲಿಂಕಿಂಗ್ ವರ್ಬ್, ಅಂದರೆ ಎರಡು ಮಾತನ್ನು ಜೋಡಿಸುವ “ಈಸ್”ನಂಥ ಕ್ರಿಯಾಪದ, ಅದರ ಬಗ್ಗೆ ನೀವು ಸಿಂಧನೂರಿನಿಂದ ಕಳಿಸಿದ ಲೇಖನ ತಲುಪಿದೆ. ನಮ್ಮ ಪತ್ರಿಕೆ ಓದುವವರಲ್ಲಿ ಹೈಸ್ಕೂಲು ಮಕ್ಕಳು, ಅವರ ಮೇಷ್ಟ್ರುಗಳೇ ಜಾಸ್ತಿ. ಅವರಿಗೆ ಬೇಕಾದ ವಿಷಯವನ್ನೇ ಹಿಡಿದಿದ್ದೀರಿ. ವಾಕ್ಯಗಳು ಚಿಕ್ಕವಾಗಿವೆ, ಬರವಣಿಗೆ ಚೊಕ್ಕವಾಗಿದೆ. ಕಾಗುಣಿತದ ತಪ್ಪು ಒಂದೂ ಕಣ್ಣಿಗೆ ಬೀಳಲಿಲ್ಲ. ಆದರೆ ಮೊದಲನೇ ಪ್ಯಾರಾ ಓದಿ ನನಗೆ ಸಿಟ್ಟು ಬಂತು. ಅದನ್ನು ನುಂಗಿಕೊಂಡು “ಲೇಖನ ಚೆನ್ನಾಗಿದೆ, ಮುಂದಿನ ಸಂಚಿಕೆಯಲ್ಲಿ ನೋಡಿ” ಅಂತ ಒಂದು ಸಾಲು ಬರೆದು ಕಳಿಸುವುದು ನನ್ನಿಂದ ಆಗುವುದಿಲ್ಲ.

ನೀವು ಶುರು ಮಾಡಿದ್ದು ಹೀಗೆ: “ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ‘ಮೈ ಫಾದರ್ ಫಾರ್ಮರ್’ ಎಂದಳು. ಇಡೀ ಕ್ಲಾಸು ನಕ್ಕಿತು. ಮಕ್ಕಳು ಲಿಂಕಿಂಗ್ ವರ್ಬ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡದಿರುವುದೇ ಇಂಥ ದಡ್ಡ ತಪ್ಪುಗಳಿಗೆ ಕಾರಣ. ಕನ್ನಡದಲ್ಲಿ ಲಿಂಕಿಂಗ್ ವರ್ಬ್ ಇಲ್ಲ. ಆದ್ದರಿಂದ ಕನ್ನಡವನ್ನು ಮರೆತು ಇಂಗ್ಲಿಷಿನಲ್ಲೇ ಯೋಚಿಸಬೇಕು.”

ಒಂದೊಂದೇ ಸಾಲು ನೋಡೋಣ.

“ದಡ್ಡ ತಪ್ಪು” ಅಂದಿರಿ. ಆ ಹುಡುಗಿ ಮನೆಯಲ್ಲಿ ಏನನ್ನುತ್ತಾಳೆ? “ನಮ್ಮಪ್ಪ ರೈತ.” ಅಲ್ಲಿಗೆ ವಾಕ್ಯ ಮುಗಿಯಿತು. ಯಾವ ಕನ್ನಡ ಪಂಡಿತರಿಗೆ ತೋರಿಸಿದರೂ ಇದರಲ್ಲಿ ಏನೂ ಕಮ್ಮಿ ಇಲ್ಲ ಅಂತಾರೆ. ಯಾರ ಬಗ್ಗೆ ಮಾತು, ಅವರು ಏನು, ಎರಡನ್ನೂ ಪಕ್ಕಪಕ್ಕ ಇಟ್ಟರೆ ಕನ್ನಡಕ್ಕೆ ಸಾಕು. ಹುಡುಗಿ ಅದೇ ವಾಕ್ಯವನ್ನು ಇಂಗ್ಲಿಷ್ ಪದಗಳಲ್ಲಿ ಹೇಳಿದಳು. ಅವಳು ವ್ಯಾಕರಣ ಮರೆತಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ ವ್ಯಾಕರಣವನ್ನೇ ಪಾಲಿಸಿದ್ದಾಳೆ.

ಇಂಗ್ಲಿಷಿನ ರೀತಿ ಬೇರೆ. ಅಲ್ಲಿ ಹೇಳಲು ಕ್ರಿಯೆ ಏನೂ ಇಲ್ಲದಿದ್ದರೂ ಕ್ರಿಯಾಪದದ ಜಾಗ ಖಾಲಿ ಬಿಡುವಂತಿಲ್ಲ. ಅದಕ್ಕೇ “ಮೈ ಫಾದರ್ ಈಸ್ ಎ ಫಾರ್ಮರ್” ಅಂತ “ಈಸ್” ಬರುವುದು. ಅಪ್ಪ ಏನು ಮಾಡಿದ ಅಂತ ಅದು ಹೇಳುವುದಿಲ್ಲ. ಅಪ್ಪ, ರೈತ, ಇಬ್ಬರೂ ಒಬ್ಬರೇ ಅಂತ ಜೋಡಿಸಿಕೊಡುತ್ತದೆ, ಅಷ್ಟೆ. ಈ ನಾಲ್ಕು ಮಾತನ್ನು ಅವತ್ತೇ ಹೇಳಿದ್ದರೆ ನಗುತ್ತಿದ್ದ ಕ್ಲಾಸು ತಲೆ ಆಡಿಸುತ್ತಿತ್ತು. ಯಾಕೆಂದರೆ ನಕ್ಕವರಲ್ಲಿ ಅರ್ಧ ಜನ ಪರೀಕ್ಷೆಯಲ್ಲಿ ಅದನ್ನೇ ಬರೆಯುವವರು.

ಈ ವಿಷಯದಲ್ಲಿ ನನಗೆ ಇಷ್ಟು ಕಾಳಜಿ ಯಾಕೆ ಅಂದರೆ, ಇದನ್ನು ನನಗೆ ಕಲಿಸಿದವರು ಹಾಗಿದ್ದರು. ನಾನು ಕೆಲಸ ಕಲಿತದ್ದು ಬಳ್ಳಾರಿಯ ಕೌಲ್‌ಬಜಾರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ. ಆಗಿನ್ನೂ ಅಚ್ಚುಮೊಳೆ ಜೋಡಿಸುವ ಕಾಲ. ಪ್ರೂಫ್ ನೋಡುವ ಹಿರಿಯರೊಬ್ಬರಿದ್ದರು. ಅವರು ತಿದ್ದಿದ್ದನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ಒಂದು ಸಲ ಶಾಲೆ ಮಕ್ಕಳ ಇಂಗ್ಲಿಷ್ ಗೈಡ್ ಅಚ್ಚಿಗೆ ಬಂತು. ಈಸ್ ಬಿಟ್ಟು ಬರೆಯುವುದು ಮಂದಬುದ್ಧಿಯ ಲಕ್ಷಣ ಅಂತ ಅದರಲ್ಲೂ ಒಂದು ಮಾತಿತ್ತು. ಓದುತ್ತಿದ್ದವನನ್ನು ಹಿರಿಯರು ನಿಲ್ಲಿಸಿದರು. ಟ್ರೆಡಲ್ ಮೆಷಿನ್ ಹತ್ತಿರ ಇದ್ದ ತೆಲುಗಿನವರನ್ನು, ಬೈಂಡಿಂಗ್ ಮಾಡುತ್ತಿದ್ದ ಉರ್ದು ಮನೆಮಾತಿನವರನ್ನು ಕರೆದರು. “ನಮ್ಮಪ್ಪ ರೈತ ಅನ್ನೋದಕ್ಕ ನಿಮ್ಮ ಮನ್ಯಾಗ ಏನಂತೀರಿ?” ಅಂತ ಕೇಳಿದರು.

ಒಬ್ಬರು “ಮಾ ನಾನ್ನ ರೈತು” ಅಂದರು. ಇನ್ನೊಬ್ಬರು “ಹಮಾರೇ ಅಬ್ಬಾ ಕಿಸಾನ್ ಹೈ” ಅಂದರು.

ಹಿರಿಯರು ನನ್ನ ಕಡೆ ತಿರುಗಿದರು. “ಕೇಳಿದ್ಯಾ? ಇವರ ಮಾತಿನಾಗ ಕೊನೀಗೆ ಒಂದು ಹೈ ಬಂತು. ಕನ್ನಡದಾಗ, ತೆಲುಗಿನಾಗ ಏನೂ ಬರಲಿಲ್ಲ. ಇವರ ಮಗ ಈಸ್ ಬಿಡೂದಿಲ್ಲ, ನಿನ್ನ ತಮ್ಮ ಬಿಡ್ತಾನ. ಇದರಾಗ ಮಂದಬುದ್ಧಿ ಎಲ್ಲಿ ಬಂತಪಾ?” ಅಂದರು. ಆಮೇಲೆ ಗೈಡ್ ಬರೆದವರಿಗೆ ಒಂದು ಚೀಟಿ ಬರೆದು ಪ್ರೂಫಿಗೆ ಪಿನ್ ಹಾಕಿದರು. ಪುಸ್ತಕ ಅಚ್ಚಾದಾಗ ಆ ಸಾಲು ಇರಲಿಲ್ಲ. ನಾನು ಎಷ್ಟೋ ವ್ಯಾಕರಣದ ಪುಸ್ತಕ ಓದಿದ್ದು ಅದಾದ ಮೇಲೆ. ಆದರೆ ಓದುವುದು ಹೇಗೆ ಅಂತ ಗೊತ್ತಾಗಿದ್ದು ಅವತ್ತು.

ಹೀಗೆ ಹಲವು ಮನೆಮಾತು ಒಟ್ಟಿಗೆ ಇರುವುದು ನಮ್ಮ ಕಡೆಯ ಮೇಷ್ಟ್ರುಗಳಿಗೆ ದೊಡ್ಡ ಅನುಕೂಲ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ನಿಮ್ಮ ರಾಯಚೂರು, ಪಕ್ಕದ ಕೊಪ್ಪಳ 1956ರವರೆಗೆ ಹೈದರಾಬಾದಿಗೆ ಸೇರಿದ್ದವು. ಇವತ್ತಿಗೂ ಕನ್ನಡ, ತೆಲುಗು, ಉರ್ದು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನಿಮ್ಮ ಕ್ಲಾಸಿನಲ್ಲಿ ಈಸ್ ಬಿಡುವವರು ಯಾರು, ಬಿಡದವರು ಯಾರು ಅಂತ ಒಮ್ಮೆಯಾದರೂ ನೋಡಿದ್ದೀರಾ? ನೋಡಿದ್ದರೆ ಲೇಖನದಲ್ಲಿ ಅದು ಬರುತ್ತಿತ್ತು.

ಮುಂದಿನ ಸಾಲು: “ಕನ್ನಡದಲ್ಲಿ ಲಿಂಕಿಂಗ್ ವರ್ಬ್ ಇಲ್ಲ.” ಇದು ತಪ್ಪು. ಅಚ್ಚಾದರೆ ಓದಿದ ಮಕ್ಕಳೆಲ್ಲ ನಂಬುತ್ತಾರೆ. “ಅವನು ಡಾಕ್ಟರ್ ಆದ” ಅನ್ನುವಾಗ “ಆದ” ಮಾಡುತ್ತಿರುವುದು ಜೋಡಿಸುವ ಕೆಲಸವೇ ಅಲ್ವಾ? “ನಮ್ಮಪ್ಪ ಮೊದಲು ಹಮಾಲಿ ಆಗಿದ್ದ” ಅನ್ನುವಾಗಲೂ “ಆಗಿದ್ದ” ಬಂದೇ ಬರುತ್ತದೆ. ಕನ್ನಡ ಕ್ರಿಯಾಪದ ಬಿಡುವುದು “ಇವರು ಇಂಥವರು” ಅಂತ ಈಗಿನ ಮಾತು ಹೇಳುವಾಗ. ಅಂದರೆ ಕಷ್ಟ ಇರುವುದು ಈಸ್, ಆಮ್, ಆರ್ ಮೂರರಲ್ಲಿ. ವಾಸ್ ಬಿಡುವ ಮಕ್ಕಳು ಕಮ್ಮಿ, ಬಿಕೇಮ್ ಬಿಡುವವರು ಇನ್ನೂ ಕಮ್ಮಿ. ಹಾಗಿರುವಾಗ ಪಾಠವನ್ನು ಈಸ್‌ನಿಂದಲೇ ಯಾಕೆ ಶುರು ಮಾಡಬೇಕು? “ಆದ”, “ಆಗಿದ್ದ” ಹಿಡಿದುಕೊಂಡು ಬಿಕೇಮ್, ವಾಸ್ ಹೇಳಿಕೊಡಿ. ಅದು ಸಲೀಸಾಗಿ ಬರುತ್ತದೆ. ಆಮೇಲೆ ಈಸ್‌ಗೆ ಬನ್ನಿ.

ನಿಮ್ಮ ಊರ ಕಡೆಯ ಮಾತಿನಲ್ಲಿ ಇನ್ನೂ ಒಂದು ದಾರಿ ಇದೆ. “ಅವರು ಮಾಸ್ತರ ಅದಾರ” ಅನ್ನುವವರು ನಿಮ್ಮಲ್ಲಿ ಎಷ್ಟು ಜನ! ಆ “ಅದಾರ” ಕೂತಿರುವ ಕೆಲಸದಲ್ಲೇ ಇಂಗ್ಲಿಷಿನ ಈಸ್ ಕೂತಿರುತ್ತದೆ. ಪುಸ್ತಕದ ಕನ್ನಡದಲ್ಲಿ ಇಲ್ಲದ್ದು ಮಗುವಿನ ಬಾಯಲ್ಲೇ ಇದೆ. ಇಂಥದ್ದನ್ನು ಬಿಟ್ಟು “ಕನ್ನಡ ಮರೆತುಬಿಡಿ” ಅಂತ ಬರೆದಿರಲ್ಲ, ನನಗೆ ಜಾಸ್ತಿ ನೋವಾಗಿದ್ದು ಅದಕ್ಕೆ. ಹದಿಮೂರು ವರ್ಷದ ಹುಡುಗಿ ತನ್ನ ಮಾತನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು ಬರಲಾರಳು. ಬಿಟ್ಟು ಬರಬೇಕಾದ ಅಗತ್ಯವೂ ಇಲ್ಲ.

“ಇಲ್ಲ”, “ಅಲ್ಲ” ಅನ್ನುವ ಎರಡು ಮಾತು ನೋಡಿ. “ಅಪ್ಪ ರೈತ ಅಲ್ಲ.” “ಅಪ್ಪ ಮನೆಯಲ್ಲಿ ಇಲ್ಲ.” ನಾವು ಎರಡು ಬೇರೆ ಮಾತು ಇಟ್ಟುಕೊಂಡಿದ್ದೇವೆ, ಮಕ್ಕಳು ಒಂದಕ್ಕೆ ಇನ್ನೊಂದು ಹಾಕುವುದೇ ಇಲ್ಲ. ಇಂಗ್ಲಿಷು ಎರಡಕ್ಕೂ “ಈಸ್ ನಾಟ್” ಅನ್ನುತ್ತದೆ. ಈ ಎರಡು ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಸುಮ್ನೆ ನಿಂತುಕೊಳ್ಳಿ. ಈಸ್ ಎಷ್ಟು ಕೆಲಸ ಮಾಡುತ್ತದೆ ಅಂತ ಮಕ್ಕಳೇ ಹೇಳುತ್ತಾರೆ.

ಇನ್ನೊಂದು ತಕರಾರು ಇದೆ, ಆ ಪಟ್ಟಿಯದು. ಸೀಮ್, ಅಪಿಯರ್, ಲುಕ್, ಫೀಲ್, ಸ್ಮೆಲ್, ಟೇಸ್ಟ್, ಸೌಂಡ್, ರಿಮೇನ್, ಗ್ರೋ, ಟರ್ನ್ ಎಲ್ಲವನ್ನೂ ಸಾಲಾಗಿ ಬರೆದು “ಇವು ಕ್ರಿಯೆಯನ್ನು ಸೂಚಿಸುವುದಿಲ್ಲ, ಬಾಯಿಪಾಠ ಮಾಡಿ” ಅಂದಿದ್ದೀರಿ. ನಿಮ್ಮ ಪಟ್ಟಿಯನ್ನು ನಂಬಿದ ಹುಡುಗಿ “ಮೈ ಫಾದರ್ ಗ್ರೋಸ್ ಪ್ಯಾಡಿ” ಅಂತ ಬರೆಯುವಾಗ ಏನು ಮಾಡಬೇಕು? ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಾನೆ. ಅದು ಕ್ರಿಯೆ ಅಲ್ಲದೆ ಇನ್ನೇನು? ಅದೇ ಗ್ರೋ “ದ ನೈಟ್ ಗ್ರೂ ಕೋಲ್ಡ್” ಅನ್ನುವಾಗ ಏನನ್ನೂ ಬೆಳೆಯುವುದಿಲ್ಲ. ರಾತ್ರಿ ಚಳಿಯಾಯಿತು, ಅಷ್ಟೆ. ಪದ ಒಂದೇ, ಕೆಲಸ ಎರಡು. ಸೀಮ್‌ನಂಥ ಕೆಲವನ್ನು ಬಿಟ್ಟರೆ ನಿಮ್ಮ ಪಟ್ಟಿಯ ಮುಕ್ಕಾಲು ಪಾಲು ಹೀಗೇ. ಯಾವುದು ಲಿಂಕಿಂಗ್ ವರ್ಬ್ ಅಂತ ಪಟ್ಟಿ ನೋಡಿ ಹೇಳಲಾಗದು, ವಾಕ್ಯ ನೋಡಬೇಕು.

ನಿಮ್ಮ ಉದಾಹರಣೆಗಳು: “ದ ಕೇಕ್ ಸ್ಮೆಲ್ಸ್ ಡಿಲಿಶಿಯಸ್.” “ದ ಸ್ನೋ ಫೀಲ್ಸ್ ಕೋಲ್ಡ್.” ಸಿಂಧನೂರಿನ ಮಗು ಹಿಮ ಮುಟ್ಟಿ ನೋಡುವುದು ಯಾವಾಗ? ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಲೆಕ್ಕವಿಲ್ಲ. ಅಲ್ಲಿ ಹೋಗಿ ನಿಂತರೆ ಉದಾಹರಣೆ ತಾನಾಗಿ ಸಿಗುತ್ತದೆ. ಟೈಲರ್ ಹೊಸ ಥಾನು ಬಿಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆಯ ಅಂಚು ಹಿಡಿದು ಉಜ್ಜಿ ನೋಡುತ್ತಾನೆ. “ದ ಟೈಲರ್ ಫೆಲ್ಟ್ ದ ಕ್ಲಾತ್.” ಬಟ್ಟೆ ಒರಟಾಗಿತ್ತು. “ದ ಕ್ಲಾತ್ ಫೆಲ್ಟ್ ರಫ್.” ಈಗ ಎರಡರಲ್ಲೂ ಫೆಲ್ಟ್ ತೆಗೆದು ವಾಸ್ ಹಾಕಿಸಿ. “ದ ಕ್ಲಾತ್ ವಾಸ್ ರಫ್” ನಿಲ್ಲುತ್ತದೆ. “ದ ಟೈಲರ್ ವಾಸ್ ದ ಕ್ಲಾತ್” ಅಂದರೆ ಟೈಲರ್‌ನೇ ಬಟ್ಟೆ ಆಗಿಬಿಟ್ಟ. ಈ ಸಲ ಮಕ್ಕಳು ನಗಲಿ, ಈ ನಗುವಿನಿಂದ ಯಾರಿಗೂ ನೋವಿಲ್ಲ. ಅರ್ಥ ಎಲ್ಲ ಕಡೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ ಅಂತಲ್ಲ. ಎಲೆ ಹಳದಿಗೆ ತಿರುಗಿತು ಅನ್ನುವ “ಟರ್ನ್ಡ್ ಯೆಲ್ಲೋ” ತೆಗೆದು “ವರ್ ಯೆಲ್ಲೋ” ಹಾಕಿದರೆ ತಿರುಗಿದ ಮಾತು ಹೋಗುತ್ತದೆ. ಆದರೂ ವಾಕ್ಯ ಮುರಿಯುವುದಿಲ್ಲ. ಲಿಂಕಿಂಗ್ ವರ್ಬ್ ಹೌದೋ ಅಲ್ಲವೋ ಅಂತ ಪರೀಕ್ಷಿಸಲು ಅಷ್ಟು ಸಾಕು.

ಕೊನೆಗೆ “ದ ಫ್ಲವರ್ ಸ್ಮೆಲ್ಸ್ ಸ್ವೀಟ್ಲಿ” ಅನ್ನುವ ನಿಮ್ಮ ವಾಕ್ಯ. ಅದು “ಸ್ವೀಟ್” ಆಗಬೇಕು. ಲಿಂಕಿಂಗ್ ವರ್ಬ್ ಆದ ಮೇಲೆ ಬರುವ ಮಾತು ಹೂವನ್ನು ವರ್ಣಿಸುತ್ತದೆ, ಮೂಸುವ ಕ್ರಿಯೆಯನ್ನು ಅಲ್ಲ. ಹಾಗಾಗಿ ಅಲ್ಲಿಗೆ ಬೇಕಾದದ್ದು ಗುಣ ಹೇಳುವ ಪದ, ಅಂದರೆ ಅಡ್ಜೆಕ್ಟಿವ್. ಟೈಲರ್ ಬಟ್ಟೆಯನ್ನು “ಕೇರ್‌ಫುಲಿ” ಮುಟ್ಟಿ ನೋಡಬಹುದು, ಬಟ್ಟೆ ಮಾತ್ರ “ರಫ್ಲಿ” ಆಗಲಾರದು. ಇಡೀ ಪಾಠದಲ್ಲಿ ಮಕ್ಕಳಿಗೆ ನಿಜವಾಗಿ ಉಪಯೋಗಕ್ಕೆ ಬರುವ ನಿಯಮ ಇದೇ, ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

ಇಲ್ಲೂ ಜಾರುವುದು ಕನ್ನಡದ ದಾರಿಯಲ್ಲೇ. “ಅವಳು ಚೆನ್ನಾಗಿ ಹಾಡುತ್ತಾಳೆ.” “ಹಾಡು ಚೆನ್ನಾಗಿದೆ.” ನಮಗೆ ಎರಡು ಕಡೆಯೂ ಅದೇ “ಚೆನ್ನಾಗಿ”. ಖಾರವಾಗಿದೆ, ಒರಟಾಗಿದೆ, ಸಿಹಿಯಾಗಿದೆ, ಎಲ್ಲದರಲ್ಲೂ “ಆಗಿ” ಕೂತಿದೆ. ಅದನ್ನು ಕೇಳಿದ ಕಿವಿ ಇಂಗ್ಲಿಷಿನಲ್ಲಿ “ಲಿ” ಹುಡುಕುತ್ತದೆ. ಇಂಗ್ಲಿಷಿನಲ್ಲಿ ಅವಳು ಹಾಡುವುದು “ವೆಲ್”, ಹಾಡು ಕೇಳುವುದಕ್ಕೆ “ಗುಡ್”. ವಗ್ಗರಣೆ ಮಂಡಕ್ಕಿ ಜೊತೆ ಮಿರ್ಚಿ ಭಜಿ ತಿಂದವರು ಅದು “ಟೇಸ್ಟ್ಸ್ ಹಾಟ್” ಅನ್ನಬೇಕು, “ಹಾಟ್ಲಿ” ಅಲ್ಲ. “ಐ ಫೀಲ್ ವೆಲ್” ಅನ್ನುವಾಗಿನ ವೆಲ್ ಬೇರೆ, ಅದು ಆರೋಗ್ಯದ ಮಾತು, ಅಲ್ಲಿ ಅದೂ ಅಡ್ಜೆಕ್ಟಿವ್. ಯಾರಾದರೂ ಚೂಟಿ ಹುಡುಗ ಕೇಳಿಯೇ ಕೇಳುತ್ತಾನೆ, ಉತ್ತರ ಇಟ್ಟುಕೊಂಡಿರಿ.

ಹೆಲ್ಪಿಂಗ್ ವರ್ಬ್ ಬಗ್ಗೆ ಬರೆದ ಭಾಗವನ್ನು, ಕೊನೆಯ ಅಭ್ಯಾಸದ ಪ್ರಶ್ನೆಗಳನ್ನು ನಾನು ಮುಟ್ಟಿಲ್ಲ. ಅವು ಹಾಗೇ ನಡೆಯುತ್ತವೆ.

ಲೇಖನವನ್ನು ವಾಪಸ್ ಕಳಿಸುತ್ತಿದ್ದೇನೆ, ತಿರಸ್ಕರಿಸಿಲ್ಲ. ಮೊದಲ ಪ್ಯಾರಾ ಪೂರ್ತಿ ಹೊಸದಾಗಿ ಬರೆಯಿರಿ. ಹುಡುಗಿ ಇರಲಿ, ಅವಳ ವಾಕ್ಯವೂ ಇರಲಿ, “ದಡ್ಡ” ಅನ್ನುವ ಮಾತು ಬೇಡ. ಪಟ್ಟಿ ಬೇಕೇ ಬೇಕು ಅನಿಸಿದರೆ ಕೊನೆಗೆ ಹಾಕಿ, ಪ್ರತಿಯೊಂದಕ್ಕೂ ನಿಮ್ಮೂರಿನ ಎರಡೆರಡು ವಾಕ್ಯ ಕೊಡಿ. ಒಂದರಲ್ಲಿ ಅದು ಕ್ರಿಯೆ, ಇನ್ನೊಂದರಲ್ಲಿ ಜೋಡಣೆ. ಎರಡು ಸಿಗದ ಪದಗಳನ್ನು ಬೇರೆಯಾಗಿ ಬರೆಯಿರಿ. ಕ್ಲಾಸಿನಲ್ಲಿ ಕನ್ನಡ, ತೆಲುಗು, ಉರ್ದು ಮನೆಮಾತಿನ ಮಕ್ಕಳಿಂದ ಅಪ್ಪ ಅಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯ ಬರೆಸಿ, ಹೆಸರು ತೆಗೆದು, ಅವರು ಬರೆದ ಹಾಗೆಯೇ ಕಳಿಸಿ. ಅದು ಬಂದರೆ ನಿಮಗೆ ಎರಡು ಪುಟ ಜಾಸ್ತಿ ಕೊಡುತ್ತೇನೆ.